ಕಮಾದೋ ಅತ್ತೆ ಮಗುವಾದ ಮೇಲೆ

ಅವತ್ತು ನಾನು ನಗಬಾರದಿತ್ತು. ಊರೆಲ್ಲ ನಕ್ಕಿತು ಎಂದು ನಾನೂ ಹಲ್ಲು ಬಿಟ್ಟೆ. ಅದರ ಫಲವನ್ನು ಚೆನ್ನಾಗಿಯೇ ಉಂಡೆ.

ನಮ್ಮತ್ತೆ ಕಮಾದೋಗೆ ತೊಂಬತ್ತೇಳಾಗಿತ್ತು. ಒಕಿನಾವಾದ ನಮ್ಮ ಬಡಗಣ ಊರುಗಳಲ್ಲಿ ತೊಂಬತ್ತೇಳು ಮುಟ್ಟಿದವರಿಗೆ ಗಿರಗಿಟ್ಲೆ ಹಬ್ಬ ಮಾಡದೆ ಬಿಡುವುದಿಲ್ಲ. ತೆರೆದ ಕಾರಿಗೆ ಬಣ್ಣದ ಕಾಗದದ ಗಿರಗಿಟ್ಲೆಗಳನ್ನು ಸಿಕ್ಕಿಸಿ, ಅತ್ತೆಗೆ ಕೆಂಪು ನಿಲುವಂಗಿ ತೊಡಿಸಿ, ಊರ ಕೂಡುದಾರಿಗಳನ್ನೆಲ್ಲ ಸುತ್ತಿಸಿದ್ದಾಯಿತು. ಅವರ ಕೈ ಮುಟ್ಟಿದರೆ ಆಯಸ್ಸಿನ ಒಂದು ಚೂರು ತಮಗೂ ಅಂಟೀತು ಎಂಬ ಆಸೆಗೆ ಅಕ್ಕಪಕ್ಕದ ಊರಿನವರೂ ಮುಗಿಬಿದ್ದಿದ್ದರು. ಅತ್ತೆ ಯಾರಿಗೂ ಇಲ್ಲ ಎನ್ನದೆ ಎರಡೂ ಕೈ ಚಾಚಿ ಕೂತಿದ್ದರು. ಸಭಾಮಂದಿರದ ಮುಂದೆ ಕಾರು ನಿಂತಾಗ ಊರ ಮುಖಂಡ ಜುಕೆರಾನ್, "ಅಜ್ಜಿ, ಊರಿಗೆ ನಾಲ್ಕು ಮಾತು ಹೇಳಿ," ಎಂದ.

ಅತ್ತೆ ಕಾರಿನಲ್ಲೇ ಎದ್ದು ನಿಂತರು.

"ನೋಡ್ರಪ್ಪಾ, ನಮ್ಮಜ್ಜಿ ಕಾಲದಲ್ಲಿ ಈ ದಿನ ಮುದುಕರಿಗೆ ಹೆಣದ ಬಟ್ಟೆ ಉಡಿಸಿ ಏಳು ಕೂಡುದಾರಿ ದಾಟಿಸ್ತಿದ್ರು. ಮುದುಕಿ ಸತ್ತಳು, ಮಗು ಹುಟ್ಟಿತು ಅಂತ. ನೀವು ಕಾರಲ್ಲಿ ಮೆರೆಸಿದ್ರಿ, ಸಂತೋಷ. ಆದ್ರೆ ಪದ್ಧತಿ ಪದ್ಧತೀನೇ. ಮುದುಕಿ ಕಮಾದೋ ಇವತ್ತಿಗೆ ಮುಗಿದಳು. ಇಲ್ಲಿ ನಿಂತಿರೋದು ಮಗು. ಮಗೂಗೆ ಅಮ್ಮ ಬೇಕಲ್ವಾ? ನನ್ನ ಸೊಸೆ ಶಿಗೇನೇ ಇನ್ಮೇಲೆ ನನ್ನಮ್ಮ!"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ತೊಂಬತ್ತೇಳಾದ ಮೇಲೆ ಮನುಷ್ಯ ಮತ್ತೆ ಮಗುವಾಗುತ್ತಾನೆ ಎನ್ನುವುದನ್ನು ನಾವೆಲ್ಲ ಹುಟ್ಟಿದಾಗಿನಿಂದ ಕೇಳಿದ್ದೇವೆ. ಅದನ್ನು ಯಾರಾದರೂ ನಿಜವಾಗಿ ಮಾಡಿ ತೋರಿಸುತ್ತಾರೆಂದು ಯಾರಿಗೆ ಗೊತ್ತಿತ್ತು?

ನಾನು ಶಿಗೇ. ನನಗೆ ಅರವತ್ತೆಂಟು. ಮನೆಯಲ್ಲಿ ನಾನು, ಅತ್ತೆ, ಒಂದು ಆಡು. ಅತ್ತೆಗೆ ಮೂವರು ಮಕ್ಕಳು. ಎರಡನೇ ಮಹಾಯುದ್ಧದ ಕೊನೆಯ ವರ್ಷ ಊರವರೆಲ್ಲ ಬೆಟ್ಟದ ಗವಿಗಳಲ್ಲಿ ಅಡಗಿದ್ದಾಗ ಮೊದಲ ಇಬ್ಬರು ಹೋದರು. ಯುದ್ಧ ಮುಗಿದ ಮೇಲೆ ಹುಟ್ಟಿದವರು ಚೋತೊಕು, ನನ್ನ ಗಂಡ. ಅವರನ್ನು ಸಕ್ಕರೆ ಕಾಯಿಲೆ ಮೊದಲು ಕಾಲಿನಿಂದ ಹಿಡಿದು ಆಮೇಲೆ ಪೂರ್ತಿ ತೆಗೆದುಕೊಂಡು ಹೋಯಿತು. ನಮಗೆ ಮಕ್ಕಳಾಗಲಿಲ್ಲ.

ಅತ್ತೆಯ ಆರೋಗ್ಯದ ಬಗ್ಗೆ ನನ್ನನ್ನು ಕೇಳಬೇಡಿ, ಹೊಟ್ಟೆ ಉರಿಯುತ್ತದೆ. ಬೆಳಕು ಹರಿಯುವ ಮುಂಚೆ ಏಳುವುದು, ಒಲೆದೇವರಿಗೆ ಊದುಬತ್ತಿ ಹಚ್ಚುವುದು, ಹೊಲಕ್ಕೆ ಹೋಗುವುದು. ಊಟಕ್ಕೆ ನೇರಳೆ ಗೆಣಸು, ತೋಫು ಹಾಕಿದ ಹಾಗಲಕಾಯಿ ಪಲ್ಯ, ಕಡಲ ಪಾಚಿ, ಮಾಚಿಪತ್ರೆ ಹಾಕಿದ ಗಂಜಿ. ಹೊಟ್ಟೆಯಲ್ಲಿ ಇನ್ನೂ ಜಾಗ ಇರುವಾಗಲೇ ಬಟ್ಟಲು ಕವುಚಿ ಏಳುವುದು. ಕುರ್ಚಿ ಎಂದರೆ ಆಗದು, ನೆಲದ ಮೇಲೇ ಕೂರಬೇಕು. ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ಕೂತು ಎದ್ದು, ಕೂತು ಎದ್ದು, ಅವರ ಮೊಣಕಾಲು ನನ್ನ ಮೊಣಕಾಲಿಗಿಂತ ನೆಟ್ಟಗಿದೆ. ಬಾಯಲ್ಲಿ ಹಲ್ಲೆಲ್ಲ ಸ್ವಂತದ್ದು.

ನನ್ನ ಕಥೆ ಬೇರೆ. ನಮ್ಮ ಕಾಲಕ್ಕೆ ದ್ವೀಪಕ್ಕೆ ಡಬ್ಬಿ ಮಾಂಸ ಬಂತು, ಕರಿದ ಕೋಳಿ ಬಂತು, ಮನೆಮನೆಗೂ ಕಾರು ಬಂತು. ಅತ್ತೆ ನಡೆದು ಹೋಗುವ ಅಂಗಡಿಗೆ ನಾನು ಕಾರಿನಲ್ಲಿ ಹೋಗುತ್ತಿದ್ದೆ. ಅತ್ತೆಗೆ ಹಾಗಲಕಾಯಿ ಬೇಯಿಸಿಟ್ಟು, ನಾನು ಅಡುಗೆಮನೆಯ ಮೂಲೆಯಲ್ಲಿ ನಿಂತು ಡಬ್ಬಿ ಮಾಂಸ ಹುರಿದು ತಿನ್ನುತ್ತಿದ್ದೆ. ರುಚಿಯಾದದ್ದನ್ನು ಬಿಡು ಎಂದರೆ ಬಿಡುವ ಹೆಂಗಸಲ್ಲ ನಾನು.

ಹಬ್ಬಕ್ಕೆ ಮುಂಚಿನ ವಾರ ನಮ್ಮೂರ ಚಿಕಿತ್ಸಾಲಯದ ಡಾಕ್ಟರಮ್ಮ ನನ್ನ ಪಾದಕ್ಕೆ ಸೂಜಿಮೊನೆ ಮುಟ್ಟಿಸಿ, "ಗೊತ್ತಾಯ್ತಾ?" ಎಂದಳು.

"ಏನು ಗೊತ್ತಾಯ್ತಾ?" ಎಂದೆ.

ಅವಳ ಮುಖ ಸಪ್ಪಗಾಯಿತು. "ಶಿಗೇ ಅವರೇ, ಹೊಸ ವರ್ಷದ ಹೊತ್ತಿಗೆ ಸಕ್ಕರೆ ಇಳೀಲಿಲ್ಲ ಅಂದ್ರೆ ನಾಹಾ ಪಟ್ಟಣದ ದೊಡ್ಡಾಸ್ಪತ್ರೆಗೆ ಸೇರಿಸ್ತೀನಿ. ಅಲ್ಲಿಂದ ಎರಡೂ ಕಾಲಲ್ಲಿ ನಡ್ಕೊಂಡು ಬರ್ತೀರಿ ಅಂತ ನಾನು ಮಾತು ಕೊಡಲ್ಲ. ಬಾಯಿ ಕಟ್ಟಿ. ಓಡಾಡಿ. ಇನ್ನೇನೂ ಇಲ್ಲ."

ಹೊರಗೆ ಬಂದೆ. ನನ್ನ ಗಂಡನಿಗೂ ಇದೇ ಮಾತು ಹೇಳಿದ್ದರು. ಸೀದಾ ಅಂಗಡಿಗೆ ಹೋಗಿ ಒಂದು ಪೊಟ್ಟಣ ಕರಿದ ಕೋಳಿ ಕೊಂಡು, ಕಾರಿನ ಕಿಟಕಿ ಏರಿಸಿ, ಅಳುತ್ತ ಅಷ್ಟನ್ನೂ ತಿಂದೆ. ಮನೆಗೆ ಬಂದು ಯಾರಿಗೂ ಏನೂ ಹೇಳಲಿಲ್ಲ.

ಹಬ್ಬದ ಮಾರನೆಯ ಬೆಳಿಗ್ಗೆ ಯಾರೋ ನನ್ನ ಹೊದಿಕೆ ಎಳೆಯುತ್ತಿದ್ದರು.

"ಅಮ್ಮಾ! ಅಮ್ಮಾ, ಏಳು!"

ಕಣ್ಣು ಬಿಟ್ಟರೆ ಅತ್ತೆ. ಕೂದಲಿಗೆ ಎರಡು ಜಡೆ ಹಾಕಿಕೊಂಡಿದ್ದಾರೆ!

"ಅತ್ತೆ, ಇನ್ನೂ ಕತ್ತಲೆ ಇದೆ. ಹೊಲಕ್ಕೆ ಹೋಗಿ ನೀವು."

"ಮಕ್ಕಳು ಹೊಲಕ್ಕೆ ಹೋಗ್ತಾರೇನು? ಅಮ್ಮಂದಿರು ಹೋಗ್ತಾರೆ. ಮೊದಲು ನನ್ನ ರೇಡಿಯೊ ವ್ಯಾಯಾಮಕ್ಕೆ ಕರ್ಕೊಂಡು ಹೋಗು. ಮಕ್ಕಳನ್ನ ಒಂಟಿಯಾಗಿ ಕಳಿಸಬಾರ್ದು."

ತಮಾಷೆ ಎಂದುಕೊಂಡೆ. ಹೋಗಲಿ, ಒಂದು ದಿನ ಎಂದು ಹೋದೆ. ಸಭಾಮಂದಿರದ ಅಂಗಳದಲ್ಲಿ ಧ್ವನಿವರ್ಧಕ ಒಂದು ಎರಡು ಮೂರು ಎನ್ನುತ್ತಿತ್ತು. ಊರ ಮುದುಕಿಯರೆಲ್ಲ ಸಾಲಾಗಿ ನಿಂತು ಕೈ ಬೀಸುತ್ತಿದ್ದರು. ಅತ್ತೆಯ ಗೆಳತಿ ನಾಬೇ ಅಜ್ಜಿ ನನ್ನನ್ನು ಕಂಡು, "ಓಹೋ, ಕಮಾದೋ ಮಗೂನ ತಾಯಿ ಬಂದ್ರು, ಜಾಗ ಬಿಡ್ರಮ್ಮ," ಎಂದು ಮುಂದಿನ ಸಾಲಿಗೇ ತಳ್ಳಿದಳು. ನಾಬೇ ಅಜ್ಜಿಗೆ ತೊಂಬತ್ಮೂರು. ಗಿರಗಿಟ್ಲೆ ಹಬ್ಬಕ್ಕೆ ಇನ್ನೂ ನಾಲ್ಕು ವರ್ಷ ಕಾಯಬೇಕು ಎಂಬ ಹೊಟ್ಟೆಕಿಚ್ಚು ಬೇರೆ. ಬಗ್ಗಿ ಕಾಲ್ಬೆರಳು ಮುಟ್ಟಿ ಎಂದಾಗ ಎಲ್ಲರೂ ಮುಟ್ಟಿದರು. ನನ್ನ ಕೈ ಮೊಣಕಾಲಿನ ಹತ್ತಿರ ನಿಂತುಬಿಟ್ಟಿತು.

"ಇವರಮ್ಮಂಗೆ ಕೆಳಗಿನ ಅರ್ಧ ಇಲ್ವೇನೇ?" ಎಂದು ನಾಬೇ ಅಜ್ಜಿ ಕೇಳಿಯೇಬಿಟ್ಟಳು. ನನಗೆ ಮೈಯೆಲ್ಲ ಉರಿಯಿತು.

ಅಲ್ಲಿಂದ ಬಂದ ಮೇಲೆ ಗೆಣಸು ಅಗೆಯುವುದು ನಾನು, ಆಡಿಗೆ ಸೊಪ್ಪು ತರುವುದು ನಾನು. ಅತ್ತೆ ಬದುವಿನ ಮೇಲೆ ಕಾಲು ಆಡಿಸಿಕೊಂಡು ಕೂತು, "ಅಮ್ಮಾ, ಅಲ್ಲೊಂದು ಗೆಡ್ಡೆ ಬಿಟ್ಟೆ. ಅಮ್ಮಾ, ಆ ಕಡೆ ಕಳೆ," ಎಂದು ಕೈ ತೋರಿಸುತ್ತಿದ್ದರು.

"ಮಕ್ಕಳು ದೊಡ್ಡೋರಿಗೆ ಬುದ್ಧಿ ಹೇಳಬಾರ್ದು," ಎಂದೆ.

"ನಾನು ತುಂಬಾ ತಂಟೆ ಮಗು," ಎಂದರು.

ಊಟದ ಹೊತ್ತಿಗೆ ನಿಜವಾದ ಪೀಕಲಾಟ ಶುರುವಾಯಿತು. ಹಾಗಲಕಾಯಿ ಪಲ್ಯವನ್ನು ಮುಂದಿಟ್ಟೆ. ಅತ್ತೆ ತುಟಿ ಬಿಗಿದು ಕೂತರು. ಜೀವಮಾನವಿಡೀ ಹಾಗಲಕಾಯಿ ತಿಂದ ಹೆಂಗಸು!

"ಕಹಿ. ಅಮ್ಮ ತಿಂದ್ರೆ ನಾನು ತಿನ್ತೀನಿ."

"ನನಗೆ ಹಸಿವಿಲ್ಲ."

"ಅಮ್ಮ ಏನು ತಿಂತಾಳೋ ಮಗೂನೂ ಅದೇ ತಿನ್ನೋದು. ಮಕ್ಕಳು ನೋಡಿ ಕಲೀತವೆ."

ಇರಲಿ ಎಂದು ನಾಲ್ಕು ತುತ್ತು ತಿಂದೆ. ಅವರೂ ನಾಲ್ಕು ತುತ್ತು ತಿಂದರು. ನಿಲ್ಲಿಸಿದೆ. ಅವರೂ ನಿಲ್ಲಿಸಿದರು. ಮುದುಕಿ ಉಪವಾಸ ಬಿದ್ದರೆ ಊರವರು ನನ್ನ ಮುಖಕ್ಕೆ ಉಗಿಯುತ್ತಾರೆ ಎಂದು ಬಟ್ಟಲು ಖಾಲಿ ಮಾಡಿದೆ. ಸಂಜೆ ಮನಸ್ಸು ತಡೆಯದೆ ಅಡುಗೆಮನೆಯ ಮೂಲೆಯಲ್ಲಿ ಡಬ್ಬಿ ಮಾಂಸದ ತಗಡು ಸೀಳಿದೆ. ಬೆನ್ನ ಹಿಂದೆ ಯಾರೋ ಉಸಿರಾಡಿದಂತಾಯಿತು. ತಿರುಗಿದರೆ ಅತ್ತೆ, ಬಾಯಿ ಅಗಲಿಸಿಕೊಂಡು ನಿಂತಿದ್ದಾರೆ.

"ಆ..." ಎಂದರು.

"ಇದು ನಿಮಗಾಗಲ್ಲ ಅತ್ತೆ! ಉಪ್ಪು, ಕೊಬ್ಬು. ತೊಂಬತ್ತೇಳು ವರ್ಷ ಇಂಥದ್ದು ಮುಟ್ಟಿಲ್ಲ ನೀವು, ಹೊಟ್ಟೆ ಕೆಟ್ಟು ಏನಾದ್ರೂ ಆದ್ರೆ?"

"ಆ..."

"ಬಾಯಿ ಮುಚ್ಚಿ!"

"ಅಮ್ಮ ತಿಂದ್ರೆ ನಾನೂ..."

ಆ ಡಬ್ಬಿಯನ್ನು ಹಾಗೇ ಎತ್ತಿಕೊಂಡು ಹೋಗಿ ಪಕ್ಕದ ಮನೆಯ ನಾಯಿಗೆ ಸುರಿದೆ. ನಾಯಿ ನನ್ನನ್ನು ಆವತ್ತಿನಿಂದ ದೇವರಂತೆ ನೋಡತೊಡಗಿತು. ನನಗೆ ಮಾತ್ರ ಕಣ್ಣಲ್ಲಿ ನೀರು.

ಒಂದು ದಿನದ ತಮಾಷೆ ವಾರವಾಯಿತು, ಎರಡು ವಾರವಾಯಿತು. ನಾನು ಕಾರಿನ ಬೀಗದ ಕೈ ಹಿಡಿದರೆ ಸಾಕು, ಮಗುವೂ ಜೊತೆಗೆ ಬರಬೇಕು. ಮಗುವಿಗೆ ಕಾರೆಂದರೆ ವಾಂತಿ. ಹಬ್ಬದ ದಿನ ಊರಿಡೀ ಕಾರಲ್ಲಿ ಮೆರೆದಾಗ ಬಾರದ ವಾಂತಿ ಈಗ ಎಲ್ಲಿಂದ ಬಂತೋ ದೇವರೇ ಬಲ್ಲ. ಅಂಗಡಿಗೆ ನಡೆದೇ ಹೋದೆವು. ಅರ್ಧ ದಾರಿಯಲ್ಲಿ ಅತ್ತೆ ಕೈ ಬಿಡಿಸಿಕೊಂಡು ಕಾಲಿಗೆ ಬುದ್ಧಿ ಹೇಳುತ್ತಿದ್ದರು. ನಾನು ಏದುಸಿರು ಬಿಡುತ್ತ, "ಅತ್ತೆ! ಕಮಾದೋ ಅತ್ತೆ!" ಎಂದು ಹಿಂದೆ ಓಡಬೇಕು. ಒಂದು ಮಧ್ಯಾಹ್ನ ನಾಬೇ ಅಜ್ಜಿಯ ಮನೆಯಲ್ಲಿ ಇಬ್ಬರು ಮುದುಕಿಯರೂ ಕಣ್ಣಾಮುಚ್ಚಾಲೆ ಆಡುತ್ತ, ನಾಬೇ ಅಜ್ಜಿ ಹಾಸಿಗೆ ಕಪಾಟಿನೊಳಗೆ ಕೂತು ನಿದ್ದೆಹೋಗಿ, ಅವಳನ್ನು ಹುಡುಕಲು ಇಡೀ ಕೇರಿ ಸುತ್ತಿದ್ದು ನಾನೇ. ಇನ್ನೊಂದು ದಿನ ಅತ್ತೆ ನಿಂಬೆ ಮರದ ಕೆಳಗಿನ ಕೊಂಬೆಯ ಮೇಲೆ ಕೂತು ಕೂಗಿ ಕರೆದರು. ಅಯ್ಯಯ್ಯೋ ಎಂದು ನಾನು ಏಣಿ ಹತ್ತಿದೆ. ನಾನು ಹತ್ತಿದ್ದನ್ನು ನೋಡಿ ಅವರು ಇಳಿದುಬಿಟ್ಟರು. ಇಳಿಯಲಾಗದೆ ಮೇಲೆ ನಿಂತು ಒದ್ದಾಡಿದವಳು ನಾನು.

ಮುಖಂಡ ಜುಕೆರಾನ್ ಮನೆಗೆ ಹೋಗಿ ಮೇಜು ಕುಟ್ಟಿದೆ.

"ಈ ಮಗುತನಕ್ಕೆ ಒಂದು ಕೊನೆ ಮೊದಲು ಅಂತ ಇದೆಯೋ ಇಲ್ವೋ? ಪದ್ಧತೀಲಿ ಏನು ಹೇಳಿದೆ?"

ಅವನು ತಲೆ ಕೆರೆದುಕೊಂಡ. "ಇದುವರೆಗೂ ಯಾರೂ ಕೇಳೇ ಇಲ್ಲ ಅಕ್ಕ. ತೊಂಬತ್ತೇಳಕ್ಕೆ ಮಗು ಆಗ್ತಾರೆ ಅಂತಷ್ಟೇ ಹಿರಿಯರು ಹೇಳಿರೋದು. ಮತ್ತೆ ಯಾವಾಗ ದೊಡ್ಡೋರಾಗ್ತಾರೆ ಅಂತ ಹೇಳಿಲ್ಲ."

"ಬೇರೆ ಮಕ್ಕಳು ಯಾವಾಗ ದೊಡ್ಡೋರಾಗ್ತಾರೆ?"

"ಒಂದು ಇಪ್ಪತ್ತು ವರ್ಷಕ್ಕೆ?"

"ಇಪ್ಪತ್ತು ವರ್ಷ! ಅಷ್ಟರಲ್ಲಿ ನಾನು ಸತ್ತೇಹೋಗಿರ್ತೀನಿ!"

"ನೀವು ಹೋಗಿರ್ತೀರೇನೋ," ಎಂದು ಜುಕೆರಾನ್ ನನ್ನ ಮೈಕಟ್ಟನ್ನು ಮೇಲಿಂದ ಕೆಳಗೆ ನೋಡಿದ. "ಅಜ್ಜಿ ಹೋಗೋ ಹಾಗೆ ಕಾಣ್ಸಲ್ಲ."

ಅವನ ಹೆಂಡತಿ ಒಳಗಿನಿಂದ ಕಿಸಕ್ಕೆಂದಳು. ನಾನು ಬಾಗಿಲು ದಢಾರನೆ ಹಾಕಿಕೊಂಡು ಬಂದೆ. ದಾರಿಯಲ್ಲಿ ಸಿಟ್ಟೆಲ್ಲ ಇಳಿಯಿತು. ಹೊಸ ವರ್ಷಕ್ಕೆ ಹೆಚ್ಚು ದಿನ ಇರಲಿಲ್ಲ. ಡಾಕ್ಟರಮ್ಮ ಎರಡು ಸಲ ಫೋನು ಮಾಡಿದ್ದಳು, ನಾನು ಎತ್ತಿರಲಿಲ್ಲ. ನಾನು ಆಸ್ಪತ್ರೆ ಸೇರಿದರೆ ಈ ಎರಡು ಜಡೆಯ ಮುದುಕಿಗೆ ದಿಕ್ಕು ಯಾರು?

ಅಷ್ಟರಲ್ಲಿ ಶಾಲೆಯ ಕ್ರೀಡಾದಿನ ಬಂತು. ನಮ್ಮೂರ ಶಾಲೆಯಲ್ಲಿ ಮಕ್ಕಳು ಬೆರಳೆಣಿಕೆಯಷ್ಟು. ಅದಕ್ಕೇ ಕ್ರೀಡಾದಿನ ಎಂದರೆ ಇಡೀ ಊರಿನದು. ಅದರಲ್ಲಿ ತಾಯಿ ಮಗುವಿನ ಮೂರು ಕಾಲಿನ ಓಟ ಎಂದರೆ ಎಲ್ಲರಿಗೂ ಅಚ್ಚುಮೆಚ್ಚು. ಇಬ್ಬರ ಒಂದೊಂದು ಕಾಲನ್ನು ಜೋಡಿಸಿ ಕಟ್ಟುತ್ತಾರೆ. ಓಡಬೇಕು. ನಡುವೆ ದಾರದಲ್ಲಿ ಹೂರಣದ ಬನ್ನುಗಳು ನೇತಾಡುತ್ತವೆ. ಕೈ ಹಚ್ಚದೆ ಬಾಯಿಂದ ಕಚ್ಚಿ ಮುಂದೆ ಓಡಬೇಕು.

"ನಾವೂ ಹೆಸರು ಕೊಟ್ಟಿದೀವಿ," ಎಂದರು ಅತ್ತೆ, ಗೆಣಸು ಸುಲಿಯುತ್ತ.

ಸೌಟು ಹಿಡಿದುಕೊಂಡೇ ತಿರುಗಿದೆ. "ಯಾರು ಕೊಟ್ಟಿದ್ದು?"

"ನಾನೇ. ಒಂದನೇ ಕ್ಲಾಸಿನ ಮಕ್ಕಳ ಜೊತೆ. ಮೇಷ್ಟ್ರು ಆಯ್ತು ಅಂದ್ರು."

"ತಲೆ ಕೆಟ್ಟಿದೆಯಾ ನಿಮಗೆ? ಬಿದ್ದು ಸೊಂಟ ಮುರಿದ್ರೆ? ಈ ವಯಸ್ಸಲ್ಲಿ ಮೂಳೆ ಕೂಡುತ್ತಾ? ಊರೋರು ನನ್ನ ಬದುಕೋಕೆ ಬಿಡ್ತಾರಾ? ಸಾಕು ಈ ಆಟ! ಮಗು ಅಂತೆ ಮಗು!"

ಅತ್ತೆ ಬಟ್ಟಲನ್ನು ಪಕ್ಕಕ್ಕೆ ತಳ್ಳಿದರು. ಸೀದಾ ಹೋಗಿ ಅಂಗಳದ ನಡುವೆ ನೆಲದ ಮೇಲೆ ಕಾಲು ಚಾಚಿ ಕೂತರು. "ನಾನು ಊಟ ಮಾಡಲ್ಲ. ನಂಗೆ ಓಟ ಬೇಕು. ನಮ್ಮ ಕಾಲದಲ್ಲಿ ಬೇರೆಯೋರ ಕೂಸು ಬೆನ್ನಿಗೆ ಕಟ್ಕೊಂಡು ಬೇಲಿ ಆಚೆಯಿಂದ ಓಟ ನೋಡಿದ್ದೇ ಬಂತು. ನಂಗೆ ಓಟ ಬೇಕು, ಬೇಕು, ಬೇಕು."

ಕೇರಿಯವರು ಬೇಲಿಗೆ ಬಂದು ನಿಂತರು. ಬೈದೆ, ಕೇಳಲಿಲ್ಲ. ಮುದ್ದು ಮಾಡಿದೆ, ಕೇಳಲಿಲ್ಲ. ಬಿಸಿಲು ಇಳಿಯಿತು. ಅತ್ತೆ ಕೂತೇ ಇದ್ದರು, ನಾನೂ ಪಕ್ಕದಲ್ಲಿ ಹೋಗಿ ಕೂತೆ, ಹೊಟ್ಟೆ ಚುರುಗುಟ್ಟುತ್ತಿತ್ತು. ಕೊನೆಗೆ ನಾಬೇ ಅಜ್ಜಿ ಬೇಲಿಯಾಚೆಯಿಂದ, "ಒಪ್ಕೊಳ್ಳೇ ತಾಯೀ, ಕಂಜೂಸ್ ಅಮ್ಮ ಆಗ್ಬೇಡ!" ಎಂದು ಕಿರುಚಿದಳು. ಸರಿ, ಹಾಳಾಗಿಹೋಗಲಿ ಎಂದು ಒಪ್ಪಿಕೊಂಡೆ.

ಮಾರನೆಯ ದಿನದಿಂದ ಕೇರಿಯಲ್ಲಿ ಅಭ್ಯಾಸ. ಟವೆಲಿನಿಂದ ಕಾಲು ಕಟ್ಟಿಕೊಂಡು ನಾನು, ಅತ್ತೆ. ಕಲ್ಲಿನ ಗೋಡೆಯ ಮೇಲೆ ನಾಬೇ ಅಜ್ಜಿ.

"ಕಮಾದೋ ಅಕ್ಕಾ! ನಿಮ್ಮಮ್ಮಂಗೆ ಎಡ ಯಾವುದು ಬಲ ಯಾವುದು ಗೊತ್ತಿಲ್ಲ ಕಣೇ!"

"ನಮ್ಮಮ್ಮ ಕಲೀತಾಳೆ. ನೀನು ಬಾಯಿ ಮುಚ್ಕೊಂಡು ಎಣಿಸು!"

ಮೊದಲು ಎರಡು ಹೆಜ್ಜೆಗೆ ಬೀಳುತ್ತಿದ್ದೆವು. ಬೀಳುವಾಗಲೆಲ್ಲ ನಾನು ಕೆಳಗೆ, ಅತ್ತೆ ನನ್ನ ಮೇಲೆ. ಆಮೇಲೆ ಕೇರಿಯ ತುದಿ ಮುಟ್ಟಿದೆವು. ಆಮೇಲೆ ಸಮುದ್ರದ ದಂಡೆಯವರೆಗೂ ಹೋಗಿ ಬಂದೆವು. ಒಂದು ಸಂಜೆ ಹಿಂತಿರುಗುವಾಗ ಇಬ್ಬರೂ ಎದ್ದೂ ಬಿದ್ದೂ ನಗುತ್ತಿದ್ದೆವು. ಯಾವುದಕ್ಕೆಂದು ಗೊತ್ತಿಲ್ಲ, ಆಡು ನಮ್ಮನ್ನು ನೋಡಿದ ರೀತಿಗೇ ಇರಬೇಕು. ಒಲೆದೇವರಾಣೆ, ಚೋತೊಕು ಹೋದ ಮೇಲೆ ನಾನು ಹಾಗೆ ನಕ್ಕದ್ದೇ ಇಲ್ಲ. ಲಂಗದ ನಡು ಸಡಿಲವಾಗಿ ಪಿನ್ನು ಹಾಕಬೇಕಾಯಿತು. ರಾತ್ರಿ ತಲೆ ಇಟ್ಟರೆ ಬೆಳಗಿನ ತನಕ ಎಚ್ಚರವೇ ಇಲ್ಲ. ಆದರೂ ಡಾಕ್ಟರಮ್ಮನ ಹತ್ತಿರ ಹೋಗುವ ಧೈರ್ಯ ಬರಲಿಲ್ಲ. ಸೂಜಿ ಚುಚ್ಚಿ ಮತ್ತೆ ಗೊತ್ತಾಯ್ತಾ ಎಂದರೆ ನಾನೇನು ಹೇಳಲಿ?

ಕ್ರೀಡಾದಿನ ಭಾನುವಾರ. ಮೈದಾನದ ಸುತ್ತ ನೀಲಿ ತಾಡಪಾಲು ಹಾಸಿ ಊರೆಲ್ಲ ಬುತ್ತಿ ಬಿಚ್ಚಿ ಕೂತಿತ್ತು. ನಮ್ಮ ಸಾಲಿನಲ್ಲಿ ನಾಲ್ಕು ಜೋಡಿ. ಮೂರು ಜೋಡಿಯಲ್ಲಿ ಆರು ವರ್ಷದ ಮಕ್ಕಳು, ಮೂವತ್ತರ ಅಮ್ಮಂದಿರು. ನಾಲ್ಕನೆಯದು ನಾವು. ಅತ್ತೆ ಎರಡು ಜಡೆಗೂ ಕೆಂಪು ರಿಬ್ಬನ್ ಕಟ್ಟಿಸಿಕೊಂಡಿದ್ದರು. ಪಕ್ಕದ ಹುಡುಗಿ ಅವರನ್ನು ತಲೆಯಿಂದ ಕಾಲವರೆಗೆ ನೋಡಿ, "ನೀನು ಯಾವ ಕ್ಲಾಸು?" ಎಂದಳು.

"ಹೊಸ ಸೇರ್ಪಡೆ," ಎಂದರು ಅತ್ತೆ.

ಜುಕೆರಾನ್ ಸೀಟಿ ಊದಿದ. ನೋಡಬೇಕಿತ್ತು ನೀವು! ಒಂದು ಎರಡು, ಒಂದು ಎರಡು, ಅತ್ತೆ ನನ್ನ ಸೊಂಟದ ಬಟ್ಟೆ ಹಿಡಿದುಕೊಂಡಿದ್ದರು, ನಾನು ಅವರ ಭುಜ ಹಿಡಿದಿದ್ದೆ. ಊರು ಎದ್ದು ನಿಂತಿತು. ಅರ್ಧ ದಾರಿಗೆ ನಾವು ಮೂರನೆಯವರು! ನಮ್ಮ ಹಿಂದಿದ್ದ ಜೋಡಿ ಕಾಲಿಗೆ ಕಾಲು ತೊಡರಿ ಮಕಾಡೆ ಬಿದ್ದಿತ್ತು. ನಾಬೇ ಅಜ್ಜಿ ಸಂತೋಷಕ್ಕೆ ಯಾರದೋ ಬುತ್ತಿ ತುಳಿದಳು.

ಬನ್ನಿನ ದಾರದ ಹತ್ತಿರ ಬಂದೆವು. ಅತ್ತೆ ಕೊಕ್ಕರೆಯಂತೆ ಕತ್ತು ಚಾಚಿ ಒಂದೇ ಸಲಕ್ಕೆ ಕಚ್ಚಿದರು. ನನ್ನ ಬನ್ನು ಮೂಗಿಗೆ ಬಡಿಯುತ್ತದೆ, ಕೆನ್ನೆಗೆ ಬಡಿಯುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ. ಬಂತು ಎನ್ನುವಾಗ ಅತ್ತೆ ಪಕ್ಕದಿಂದ ಮುಖ ತೂರಿಸಿ ಅದನ್ನೂ ಕಚ್ಚಿ ಎಳೆದುಕೊಂಡರು. ಎರಡೂ ಬನ್ನು ಅವರ ಬಾಯಲ್ಲೇ!

"ನನ್ನದು ಅದು!" ಎಂದೆ.

ಎರಡನ್ನೂ ಕೈಗೆ ತೆಗೆದುಕೊಂಡು ಅತ್ತೆ, "ಸಿಹಿ. ನಿನಗೆ ಬೇಡ," ಎಂದರು.

ಅದು ಮಗುವಿನ ದನಿಯಾಗಿರಲಿಲ್ಲ. ನಿಂತುಬಿಟ್ಟೆ. ನಿಂತ ಕೂಡಲೇ ಪಾದ ನೆಲದ ಮೇಲಿದೆಯೋ ಇಲ್ಲವೋ ತಿಳಿಯದ ಆ ಹಾಳು ಭಾವನೆ ಬಂತು. ಬಿದ್ದಿದ್ದ ಜೋಡಿ ಎದ್ದು ನಮ್ಮನ್ನು ದಾಟಿ ಹೋಯಿತು.

"ಏನು ಗೊತ್ತು ನಿಮಗೆ?" ಎಂದೆ.

"ಎಲ್ಲಾ ಗೊತ್ತು. ಹಬ್ಬಕ್ಕೆ ಮುಂಚೆ ಒಂದು ದಿನ ನೀನು ಅಂಗಳ ದಾಟುವಾಗ ಒಂದು ಚಪ್ಪಲಿ ಕಾಲಿಂದ ಜಾರಿ ಹೋಯ್ತು. ನಿನಗೆ ಅದು ಗೊತ್ತೇ ಆಗಲಿಲ್ಲ. ಕಲ್ಲಿನ ಮೇಲೆ ಬರಿಗಾಲಲ್ಲಿ ಹಾಗೇ ನಡ್ಕೊಂಡು ಹೋದೆ. ನನ್ನ ಮಗನಿಗೂ ಶುರುವಾಗಿದ್ದು ಹಾಗೇನೇ."

"ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ? ಇಷ್ಟು ದಿನ ನನ್ನ ಕೋತಿ ಥರ ಕುಣಿಸಿದ್ರಲ್ಲ!"

"ಹೇಳಿದ್ರೆ ಕೇಳ್ತಿದ್ದೆಯಾ? ಚೋತೊಕುಗೆ ದಿನಾ ಹೇಳ್ದೆ. ಬೈದೆ, ಗೋಳಾಡಿದೆ, ಕಾಲಿಗೆ ಬಿದ್ದೆ. ಕೇಳಿದನಾ? ಹೆತ್ತ ತಾಯಿ ಮಾತೇ ಅವನು ಕೇಳಲಿಲ್ಲ, ಇನ್ನು ಅತ್ತೆ ಮಾತು ನೀನು ಕೇಳ್ತೀಯಾ? ಮಗು ಅಂದ್ರೆ ಮಾತ್ರ ಓಡ್ತೀಯ ಅಂತ ಗೊತ್ತಿತ್ತು." ಅವರ ಗಲ್ಲದಲ್ಲಿ ಹೂರಣ ಮೆತ್ತಿತ್ತು. ಕಣ್ಣು ತುಂಬಿತ್ತು. "ಮೂರು ಮಕ್ಕಳನ್ನ ಕಳಿಸಿಕೊಟ್ಟಿದೀನಿ ಶಿಗೇ. ಇಬ್ಬರನ್ನ ಮಣ್ಣಿಗೆ ಕೊಡೋಕೂ ಆಗಲಿಲ್ಲ. ನಾಲ್ಕನೇದು ನನ್ನ ಕೈಲಿ ಆಗಲ್ಲ. ತೊಂಬತ್ತೇಳಕ್ಕೂ ಆಗಲ್ಲ, ನೂರ ಏಳಕ್ಕೂ ಆಗಲ್ಲ. ಓಡು."

ನನಗೆ ಅಳು ಬಂತು. ಅದಕ್ಕಿಂತ ಮುಂಚೆ ಸಿಟ್ಟು ಬಂತು, ನನ್ನ ಸ್ವಭಾವವೇ ಹಾಗೆ. ಮೈದಾನದ ನಟ್ಟನಡುವೆ, ಊರೆಲ್ಲ ನೋಡುತ್ತಿರುವಾಗ, ಗಂಟಲು ಹರಿಯುವಂತೆ ಕೂಗಿದೆ.

"ನಾನು ಎಲ್ಲೂ ಹೋಗಲ್ಲ! ಕೇಳಿಸ್ತಾ? ನಿಮ್ಮನ್ನ ಮಣ್ಣು ಮಾಡೋಳು ನಾನೇ! ನಿಮ್ಮ ಮೂಳೆ ಮನೆತನದ ಗೋರಿಯಲ್ಲಿಟ್ಟು, ಅದರ ಬಾಗಿಲು ಹಾಕಿ, ಕೈ ತೊಳ್ಕೊಂಡು ಬಂದ ಮೇಲೇನೇ ನಾನು ಸಾಯೋದು! ಅಲ್ಲೀ ತನಕ ಹಾಗಲಕಾಯಿ ತಿಂದು, ಗೆಣಸು ತಿಂದು, ನಿಮ್ಮ ಹಿಂದೆ ಓಡಿ ಓಡಿ ಬದುಕ್ತೀನಿ, ನೋಡ್ತಿರಿ ನೀವು!"

ಅತ್ತೆಗೆ ಯಾರೂ ಹೀಗೆ ಹೇಳಬಾರದು, ಅದರಲ್ಲೂ ಗಿರಗಿಟ್ಲೆ ಹಬ್ಬ ಮಾಡಿಸಿಕೊಂಡ ಅತ್ತೆಗೆ. ಜುಕೆರಾನ್ ಸೀಟಿ ಬಾಯಲ್ಲಿಟ್ಟುಕೊಂಡೇ ನಿಂತಿದ್ದ. ಡಾಕ್ಟರಮ್ಮ ಪ್ರಥಮ ಚಿಕಿತ್ಸೆಯ ಡೇರೆಯೊಳಗಿಂದ ಹೊರಗೆ ಬಂದಳು.

ಅತ್ತೆಯ ಮುಖ ಅರಳಿತು. ಮೆರವಣಿಗೆಯ ದಿನವೂ ಅಷ್ಟು ಅರಳಿರಲಿಲ್ಲ.

"ಕೇಳಿದ್ರೇನ್ರೋ ಎಲ್ಲಾರೂ!" ಎಂದು ಬನ್ನು ಎತ್ತಿ ಹಿಡಿದು ಕೂಗಿದರು. "ನನ್ನ ಸೊಸೆ ನನ್ನ ಮಣ್ಣು ಮಾಡ್ತಾಳಂತೆ! ಮಾತು ಕೊಟ್ಟಳು! ಸಾಕ್ಷಿ ನೀವೇ!"

ಮೊದಲು ನಕ್ಕವಳು ನಾಬೇ ಅಜ್ಜಿ. ಆಮೇಲೆ ಮೈದಾನವೇ ನಕ್ಕಿತು. ನಾನು ಅತ್ತೆಯ ಭುಜ ಬಾಚಿ ಹಿಡಿದು ಹೆಜ್ಜೆ ಎತ್ತಿದೆ. ಒಂದು ಎರಡು, ಒಂದು ಎರಡು, ಪಾದ ಗೊತ್ತಾದರೆ ಗೊತ್ತಾಗಲಿ, ಇಲ್ಲದಿದ್ದರೆ ಇಲ್ಲ, ಅತ್ತೆಯ ಪಾದಕ್ಕೆ ಕಟ್ಟಿದೆಯಲ್ಲ, ಅದು ಹೋದಲ್ಲಿಗೆ ಇದೂ ಹೋಗುತ್ತದೆ ಎಂದು ಓಡಿದೆ. ಕೊನೆಯವರಾಗಿ ಗೆರೆ ಮುಟ್ಟಿದೆವು. ಯಾರೋ ಮೂರುತಂತಿ ವಾದ್ಯ ಮೀಟಿದರು. ಅತ್ತೆ ಎರಡೂ ಕೈ ತಲೆಯ ಮೇಲೆತ್ತಿ ಕುಣಿಯತೊಡಗಿದರು. ಕಾಲು ಕಟ್ಟಿತ್ತು, ನಾನು ಕುಣಿಯದೆ ಗತ್ಯಂತರವಿರಲಿಲ್ಲ. ಊರೂ ಎದ್ದು ಬಂತು.

ಡಾಕ್ಟರಮ್ಮ ನುಗ್ಗಿಕೊಂಡು ಬಂದು, "ನಾಳೆ ಬೆಳಿಗ್ಗೆ ರಕ್ತಪರೀಕ್ಷೆಗೆ ಬರ್ತೀರಾ?" ಎಂದು ಕಿವಿಯಲ್ಲಿ ಕಿರುಚಿದಳು.

"ಬರ್ತೀನಿ," ಎಂದೆ.

"ಬರ್ತೀವಿ," ಎಂದರು ಅತ್ತೆ. "ನಡ್ಕೊಂಡು."

ಹಾಡು ಮುಗಿದು ಜನ ಚದುರಿದರು. ನನಗೆ ನಿಂತಲ್ಲೇ ಬೀಳುವಷ್ಟು ದಣಿವಾಗಿತ್ತು.

"ಕಾಲಿನ ಗಂಟು ಬಿಚ್ಚಲಾ ಅತ್ತೆ?" ಎಂದೆ.

"ಇನ್ನೂ ಸ್ವಲ್ಪ ಹೊತ್ತು ಇರಲಿ," ಎಂದರು.

ಇರಲಿ ಎಂದು ಬಿಟ್ಟೆ.